ನಕ್ಷೆ ಹಿಗ್ಗಿದಾಗ ಉಕ್ಕಿನ ಲೆಕ್ಕ

ಸಣ್ಣ ತಯಾರಕರಿಗೆ ಬರುವ ಬೇಡಿಕೆಗಳಲ್ಲಿ ಅತ್ಯಂತ ಸುಲಭವೆಂದು ತೋರುವುದು ಒಂದಿದೆ: "ಹಿಂದೆ ಕೊಟ್ಟದ್ದನ್ನೇ ಕೊಡಿ, ಸ್ವಲ್ಪ ಉದ್ದವಾಗಿರಲಿ." ಹೊಸ ವಿನ್ಯಾಸದ ಖರ್ಚಿಲ್ಲ, ಹಳೆಯ ನಕ್ಷೆ ಗಣಕಯಂತ್ರದಲ್ಲಿಯೇ ಇದೆ, ನಕ್ಷೆಗಾರನು ಐದು ನಿಮಿಷಗಳಲ್ಲಿ ತಿದ್ದಿಕೊಡುತ್ತಾನೆ. ಆದರೆ ಆ ಐದು ನಿಮಿಷಗಳಲ್ಲಿ ಅವನು ಯಾವ ಆಜ್ಞೆಯನ್ನು ಬಳಸಿದನೆಂಬುದರ ಮೇಲೆ ಆರ್ಡರಿನ ಲಾಭನಷ್ಟ ನಿಂತಿರುತ್ತದೆ. ಆದುದರಿಂದ ಇದನ್ನು ನಕ್ಷೆಗಾರನಿಗಷ್ಟೇ ಸೇರಿದ ವಿಷಯವೆಂದು ಮಾಲೀಕರು ಬಿಟ್ಟುಬಿಡುವುದು ಸರಿಯಲ್ಲ.

1982ರಲ್ಲಿ ಆಟೋಡೆಸ್ಕ್ ಸಂಸ್ಥೆಯು ಹೊರತಂದ ಆಟೋಕ್ಯಾಡ್ ತಂತ್ರಾಂಶವು ಸಣ್ಣ ಕಾರ್ಖಾನೆಗಳಲ್ಲಿಯೂ ಬಳಕೆಗೆ ಬಂದಿದೆ. ಅದರಲ್ಲಿ ಆಕಾರವನ್ನು ದೊಡ್ಡದು ಮಾಡಲು ಮುಖ್ಯವಾಗಿ ಎರಡು ಆಜ್ಞೆಗಳಿವೆ. ಮೊದಲನೆಯದು ಸ್ಕೇಲ್. ಇದು ಆಯ್ದ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಎರಡನೆಯದು ಸ್ಟ್ರೆಚ್. ಪರದೆಯ ಮೇಲೆ ಬಲದಿಂದ ಎಡಕ್ಕೆ ಚೌಕ ಎಳೆದು ಆಯ್ಕೆ ಮಾಡಿದಾಗ, ಚೌಕದ ಒಳಗೆ ಪೂರ್ತಿಯಾಗಿ ಬಂದ ಭಾಗಗಳು ತಮ್ಮ ಅಳತೆಯನ್ನು ಉಳಿಸಿಕೊಂಡು ಸರಿಯುತ್ತವೆ. ಚೌಕದ ಅಂಚನ್ನು ದಾಟುವ ಗೆರೆಗಳು ಮಾತ್ರ ಉದ್ದವಾಗುತ್ತವೆ.

ಈ ವ್ಯತ್ಯಾಸವು ಹಣವಾಗಿ ಹೇಗೆ ಪರಿಣಮಿಸುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 500 ಮಿ.ಮೀ. ಉದ್ದ, 300 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಉಕ್ಕಿನ ಬೇಸ್ ಪ್ಲೇಟ್ ಒಂದಿದೆಯೆನ್ನೋಣ. ಉಕ್ಕು ಘನಮೀಟರಿಗೆ 7,850 ಕಿಲೋ ಎಂದು ಹಿಡಿದರೆ ಇದರ ತೂಕ 11.78 ಕಿಲೋ. ಗ್ರಾಹಕರು ಕೇಳಿದ್ದು 600 ಮಿ.ಮೀ. ಉದ್ದ. ಸ್ಟ್ರೆಚ್ ಮಾಡಿದರೆ ಉದ್ದ ಮಾತ್ರ ಹೆಚ್ಚಿ ತೂಕ 14.13 ಕಿಲೋ ಆಗುತ್ತದೆ. ನಕ್ಷೆಗಾರನು ಮೇಲ್ನೋಟ, ಪಕ್ಕನೋಟಗಳೆರಡನ್ನೂ ಆಯ್ದು 1.2ರಿಂದ ಸ್ಕೇಲ್ ಮಾಡಿದರೆ ಅಗಲ 360, ದಪ್ಪ 12 ಆಗಿ, ತೂಕ 20.35 ಕಿಲೋಗೆ ಏರುತ್ತದೆ. ಒಂದು ಪ್ಲೇಟಿಗೆ 6.22 ಕಿಲೋ ವ್ಯತ್ಯಾಸ. 500 ಪ್ಲೇಟುಗಳ ಆರ್ಡರಿನಲ್ಲಿ 3 ಟನ್ನಿಗೂ ಮಿಕ್ಕ ಉಕ್ಕು. ದರವನ್ನು ಮಾತ್ರ "ಶೇಕಡಾ 20 ದೊಡ್ಡದು" ಎಂಬ ಅಂದಾಜಿನಲ್ಲಿ ಹೇಳಲಾಗಿರುತ್ತದೆ. ಮೂರು ದಿಕ್ಕಿನಲ್ಲಿ ಶೇಕಡಾ 20 ಹಿಗ್ಗಿದ ವಸ್ತುವಿನ ತೂಕ ಶೇಕಡಾ 72.8ರಷ್ಟು ಹೆಚ್ಚುತ್ತದೆಂಬುದನ್ನು ದರಪಟ್ಟಿ ಬರೆಯುವವರು ಮರೆತಿರುತ್ತಾರೆ.

ತೂಕವಷ್ಟೇ ಅಲ್ಲ. ಎಂ-12 ಬೋಲ್ಟಿಗೆಂದು ಇಟ್ಟಿದ್ದ 14 ಮಿ.ಮೀ. ರಂಧ್ರವೂ 16.8 ಆಗುತ್ತದೆ. 3 ಮಿ.ಮೀ. ತಗಡಿನ ಪೆಟ್ಟಿಗೆಯನ್ನು ಹೀಗೆ ಹಿಗ್ಗಿಸಿದರೆ 3.6 ಮಿ.ಮೀ. ತಗಡನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಸ್ಟ್ರೆಚ್ ಆಜ್ಞೆಯು ರಂಧ್ರದ ಅಳತೆಯನ್ನು ಮುಟ್ಟುವುದಿಲ್ಲ. ವೃತ್ತದ ಕೇಂದ್ರಬಿಂದು ಚೌಕದೊಳಗಿದ್ದರೆ ಅದನ್ನು ಇಡಿಯಾಗಿ ಸರಿಸುತ್ತದೆ, ಹೊರಗಿದ್ದರೆ ಇದ್ದಲ್ಲೇ ಬಿಡುತ್ತದೆ. ಇಲ್ಲಿಯೂ ಎಚ್ಚರ ಬೇಕು. ಪ್ಲೇಟಿನ ನಟ್ಟನಡುವೆ 250 ಮಿ.ಮೀ.ನಲ್ಲಿದ್ದ ರಂಧ್ರವು, ಪ್ಲೇಟು 600 ಆದ ಮೇಲೂ 250ರಲ್ಲಿಯೇ ಉಳಿದು ನಡುವನ್ನು ತಪ್ಪುತ್ತದೆ.

ಹಾಗೆಂದು ಸ್ಕೇಲ್ ಆಜ್ಞೆಯನ್ನು ದೂರುವಂತಿಲ್ಲ. ಬೆಳಗಾವಿಯಂತಹ ಎರಕದ ಉದ್ಯಮದ ಊರುಗಳಲ್ಲಿ ಅದಕ್ಕೆ ಯೋಗ್ಯವಾದ ಕೆಲಸವಿದೆ. ಕರಗಿದ ಲೋಹವು ಆರುವಾಗ ಕುಗ್ಗುವುದರಿಂದ ಪ್ಯಾಟರ್ನನ್ನು ತುಸು ದೊಡ್ಡದಾಗಿ ಮಾಡಬೇಕು; ಬೂದು ಎರಕದ ಕಬ್ಬಿಣಕ್ಕೆ ಸುಮಾರು ಶೇಕಡಾ 1, ಉಕ್ಕಿಗೆ ಸುಮಾರು 2. ಹಿಂದೆ ಪ್ಯಾಟರ್ನ್ ಮಾಡುವ ಬಡಗಿಗಳು ಇದಕ್ಕೆಂದೇ ಹಿಗ್ಗಿಸಿದ ಗುರುತುಗಳ ಅಳತೆಕೋಲನ್ನು ಬಳಸುತ್ತಿದ್ದರು. ಆ ಕೋಲು ಮಾಡುತ್ತಿದ್ದುದನ್ನೇ 1.01ರ ಸ್ಕೇಲ್ ಮಾಡುತ್ತದೆ: 300 ಮಿ.ಮೀ. ಇದ್ದುದು 303 ಆಗುತ್ತದೆ. ಆದರೆ ಮೆಷಿನಿಂಗಿಗೆ ಬಿಡಬೇಕಾದ ಹೆಚ್ಚುವರಿ ಲೋಹವನ್ನು ಸ್ಕೇಲ್‌ನಿಂದ ಪಡೆಯಲು ಹೋಗಬಾರದು. ಅದು ಮೆಷಿನಿಂಗ್ ಆಗುವ ಮುಖಗಳಿಗೆ ಮಾತ್ರ ಬೇಕಾದದ್ದು. ಇಂಚಿನಲ್ಲಿ ಬರೆದ ನಕ್ಷೆಯನ್ನು ಮಿಲಿಮೀಟರಿಗೆ ತರಲು 25.4ರಿಂದ ಸ್ಕೇಲ್ ಮಾಡುವುದೂ ಸರಿಯಾದ ಬಳಕೆಯೇ.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಮೂರನೆಯ ದಾರಿ: ಆಕಾರವನ್ನು ಮುಟ್ಟದೆ ಅಳತೆಯ ಅಂಕಿಯನ್ನು ಮಾತ್ರ ತಿದ್ದುವುದು. ಗೆರೆ 500 ಇದ್ದಂತೆಯೇ ಇರುತ್ತದೆ, ಅದರ ಮೇಲೆ 600 ಎಂದು ಬರೆದಿರುತ್ತದೆ. ಕಾಗದದ ನಕ್ಷೆಯನ್ನು ಓದಿ ಕತ್ತರಿಸುತ್ತಿದ್ದ ಕಾಲಕ್ಕೆ ಇದು ನಡೆದುಹೋಗುತ್ತಿತ್ತು. ಲೇಸರ್ ಕಟಿಂಗ್ ಯಂತ್ರವು ಅಂಕಿಯನ್ನು ಓದುವುದಿಲ್ಲ, ಗೆರೆಯ ಮೇಲೆಯೇ ಸಾಗುತ್ತದೆ. ಗ್ರಾಹಕರೇ ಉಕ್ಕು ಕೊಟ್ಟು ಜಾಬ್ ವರ್ಕ್ ಮಾಡಿಸುವ ಸಂದರ್ಭದಲ್ಲಿ ಹೀಗೆ ಕತ್ತರಿಸಿದ ಮಾಲು ತಿರಸ್ಕೃತವಾದರೆ, ನಷ್ಟ ಯಾರದೆಂಬ ವ್ಯಾಜ್ಯ ಏಳುವುದು ಖಚಿತ. ಚಲನ್‌ನಲ್ಲಿ ಬಂದ ತೂಕಕ್ಕೂ ಮರಳಿ ಹೋದ ತೂಕಕ್ಕೂ ತಾಳೆ ಹಾಕುವ ಕಷ್ಟ ಬೇರೆ.

ಒಂದೇ ಸಾಮಾನನ್ನು ಹತ್ತಾರು ಅಳತೆಗಳಲ್ಲಿ ಮಾಡುವವರಿಗೆ ಪ್ಯಾರಾಮೆಟ್ರಿಕ್ ವಿಧಾನವೇ ಮೇಲು. ಇದರಲ್ಲಿ "ರಂಧ್ರವು ಸದಾ ಅಂಚಿನಿಂದ 40 ಮಿ.ಮೀ.", "ಈ ರಂಧ್ರ ಸದಾ ನಡುವೆ" ಎಂಬ ನಿಯಮಗಳನ್ನು ಒಮ್ಮೆ ಬರೆದಿಟ್ಟರೆ, ಉದ್ದದ ಅಂಕಿ ಬದಲಾದಾಗ ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ. 1988ರಲ್ಲಿ ಬಂದ ಪ್ರೊ-ಎಂಜಿನಿಯರ್ ಈ ವಿಧಾನವನ್ನು ಉದ್ಯಮಕ್ಕೆ ಪರಿಚಯಿಸಿತು. ಆಟೋಕ್ಯಾಡ್‌ನಲ್ಲಿಯೂ 2010ರ ಆವೃತ್ತಿಯಿಂದ ಇಂತಹ ನಿಯಮಗಳನ್ನು ಹಾಕಬಹುದು. 2016ರಲ್ಲಿ ಆಟೋಡೆಸ್ಕ್ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿದ ಮೇಲೆ ಒಮ್ಮೆ ಕೊಂಡು ಆಸ್ತಿಯಾಗಿ ತೋರಿಸುತ್ತಿದ್ದ ತಂತ್ರಾಂಶವು ಕಾಲಕಾಲಕ್ಕೆ ಚಂದಾ ತೆರುವ ಖರ್ಚಾಗಿದೆ. ಅದು ಹೊರೆಯೆನಿಸುವವರಿಗೆ ಫ್ರೀಕ್ಯಾಡ್ ಎಂಬ ಉಚಿತ ಪ್ಯಾರಾಮೆಟ್ರಿಕ್ ತಂತ್ರಾಂಶವಿದೆ. ಕಲಿಯಲು ತಾಳ್ಮೆ ಬೇಕು.

ಮಾಲೀಕರು ನಕ್ಷೆ ಬಿಡಿಸಲು ಕಲಿಯಬೇಕಾಗಿಲ್ಲ. ದರಪಟ್ಟಿಗೆ ಸಹಿ ಹಾಕುವ ಮುನ್ನ ತಿದ್ದಿದ ನಕ್ಷೆಯಿಂದಲೇ ತೂಕವನ್ನು ಹೊಸದಾಗಿ ತೆಗೆಸಿ, ಹಳೆಯ ತೂಕದೊಡನೆ ಹೋಲಿಸಬೇಕು. ಹೆಚ್ಚಳವು ಕೇಳಿದ ಬದಲಾವಣೆಗೆ ಹೊಂದದಿದ್ದರೆ ನಕ್ಷೆಗಾರನನ್ನು ಕರೆದು ವಿಚಾರಿಸಬೇಕು. ಖರೀದಿ ಆದೇಶದಲ್ಲಿ ನಕ್ಷೆಯ ಸಂಖ್ಯೆ, ತಿದ್ದುಪಡಿಯ ಸಂಖ್ಯೆ ಮತ್ತು ದಿನಾಂಕ ಇರಬೇಕು. ಕಡತವನ್ನು ಹೊರಗೆ ಕತ್ತರಿಸಲು ಕಳುಹಿಸುವಾಗ, ಅಂಕಿಗೂ ಗೆರೆಗೂ ವ್ಯತ್ಯಾಸ ಕಂಡರೆ ಕೆಲಸ ನಿಲ್ಲಿಸಿ ಕೇಳಬೇಕೆಂಬ ಒಂದು ಸಾಲನ್ನು ಆದೇಶದಲ್ಲಿ ಸೇರಿಸುವುದು ಒಳ್ಳೆಯದು.