ಅರ್ಧ ಜಗತ್ತಿನ ಹಲ್ಲು ಸೊಟ್ಟವೇ?

ಮಕ್ಕಳು ಮತ್ತು ಹದಿಹರೆಯದವರಲ್ಲಿ ಸೊಟ್ಟ ಹಲ್ಲು, ಉಬ್ಬುಹಲ್ಲು, ಸರಿಯಾಗಿ ಕೂಡದ ದವಡೆಗಳ ಪ್ರಮಾಣ ಸುಮಾರು 56 ಪ್ರತಿಶತ ಎಂದು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2020ರ ಪರಾಮರ್ಶೆಯೊಂದು ಹೇಳುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿಗಿರುವುದನ್ನು ಕಾಯಿಲೆ ಎನ್ನಬಹುದೇ? ನನಗೆ ಅನುಮಾನವಿರುವುದು ಹಲ್ಲಿನ ಮೇಲಲ್ಲ, ಅಳತೆಗೋಲಿನ ಮೇಲೆ. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ರೂಪಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಮೇಲಿನ ಮತ್ತು ಕೆಳಗಿನ ಮೊದಲ ಶಾಶ್ವತ ದವಡೆಹಲ್ಲುಗಳು ಒಂದಕ್ಕೊಂದು ಹೇಗೆ ಕೂರುತ್ತವೆ ಎಂಬುದೇ ಅದರ ಆಧಾರ. ದೋಷದ ಬಗೆ ಯಾವುದೆಂದು ಅದು ತಿಳಿಸುತ್ತದೆ. ಎಷ್ಟು ತೀವ್ರವೆಂದು ತಿಳಿಸುವುದಿಲ್ಲ. ಹಾಗಾಗಿ ಒಂದು ಬಾಚಿಹಲ್ಲು ತುಸು ತಿರುಗಿದ ಹುಡುಗಿಯೂ, ಬಾಯಿ ಮುಚ್ಚಲಾಗದ ಹುಡುಗನೂ ಒಂದೇ ಲೆಕ್ಕಕ್ಕೆ ಸೇರಬಹುದು. ಬ್ರಿಟನ್ನಿನಲ್ಲಿ 1989ರಲ್ಲಿ ಬಂದ ಸೂಚ್ಯಂಕ ಚಿಕಿತ್ಸೆಯ ಅಗತ್ಯವನ್ನು ಐದು ದರ್ಜೆಗಳಲ್ಲಿ ಅಳೆಯುತ್ತದೆ. ಈ ಬಗೆಯ ಅಳತೆಯಲ್ಲಿ ಅಲ್ಲಿ ಚಿಕಿತ್ಸೆ ಬೇಕಾದವರು ಮಕ್ಕಳಲ್ಲಿ ಸುಮಾರು ಮೂರನೇ ಒಂದರಷ್ಟು.

ಹಾಗಾದರೆ ಉಳಿದವರನ್ನು ಬಿಟ್ಟುಬಿಡುವುದೇ, ಸೊಟ್ಟ ಹಲ್ಲು ಹುಳುಕಿಗೆ ದಾರಿಯಲ್ಲವೇ ಎಂದು ಪೋಷಕರು ಕೇಳುತ್ತಾರೆ. ಹುಳುಕಿನೊಂದಿಗೆ ಅದರ ನಂಟು ಸಂಶೋಧನೆಗಳಲ್ಲಿ ಗಟ್ಟಿಯಾಗಿ ಕಂಡಿಲ್ಲ; ಸಿಹಿತಿಂಡಿ ಮತ್ತು ಹಲ್ಲುಜ್ಜುವ ಅಭ್ಯಾಸದ ಪಾತ್ರವೇ ದೊಡ್ಡದು. ಆದರೆ ಮುಂದಕ್ಕೆ ಚಾಚಿದ ಮೇಲಿನ ಹಲ್ಲುಗಳು ಬಿದ್ದಾಗ ಮುರಿಯುವ ಅಪಾಯ ನಿಜ. ಒಸಡಿನೊಳಗೇ ಸಿಕ್ಕಿಕೊಂಡ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನೇ ಸವೆಸಬಲ್ಲದು, ಅದೂ ನೋವಿಲ್ಲದೆ. ಇನ್ನು ಅಂದದ ಮಾತು: ಶಾಲೆಯಲ್ಲಿ ಗೇಲಿಗೆ ಗುರಿಯಾಗುವ ಮಗುವಿನ ಸಂಕಟವನ್ನು ಯಾವ ದರ್ಜೆಯೂ ಪೂರ್ತಿ ಅಳೆಯದು. ಅಂಥ ಮಗು ತಾನಾಗಿ ಕ್ಲಿಪ್ ಕೇಳಿದರೆ ಹಾಕಿಸುವುದು ಸರಿಯೇ. ಕೇಳದ ಮಗುವಿಗೆ, ಅದೂ ಸಣ್ಣ ಓರೆಗೆ, ಒಂದೂವರೆ ಎರಡು ವರ್ಷ ತಂತಿ ಬಿಗಿಸುವ ಮೊದಲು ದರ್ಜೆ ಎಷ್ಟೆಂದು ವೈದ್ಯರನ್ನು ಕೇಳಬೇಕು.