ಇಳಿತದ ದಾರಿಯಲ್ಲಿ ಕೊರ್ದುವಾನ್ ದೀಪಸ್ತಂಭ

ಫ್ರಾನ್ಸ್ ದೇಶದ ಪಶ್ಚಿಮ ತೀರದಲ್ಲಿ, ಜಿರೋಂದ್ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಅಳಿವೆಯ ಬಾಯಲ್ಲಿ, ದಡದಿಂದ ಸುಮಾರು 7 ಕಿಲೋಮೀಟರ್ ದೂರದ ಬಂಡೆಯ ಮೇಲೆ ನಿಂತಿರುವ ಕೊರ್ದುವಾನ್ ದೀಪಸ್ತಂಭವನ್ನು ನೋಡಬಯಸುವವರು, ಶುಭಕಾರ್ಯಕ್ಕೆ ಹೊರಡುವವರು ಪಂಚಾಂಗ ನೋಡುವಂತೆ, ಮೊದಲು ಉಬ್ಬರವಿಳಿತದ ವೇಳೆಯನ್ನು ನೋಡಬೇಕು. ದೋಣಿಯು ಮರಳದಿಣ್ಣೆಯವರೆಗೆ ಮಾತ್ರ ಒಯ್ಯುತ್ತದೆ. ಅಲ್ಲಿಂದಾಚೆಗೆ, ಉಬ್ಬರದಲ್ಲಿ ಮುಳುಗಿ ಇಳಿತದಲ್ಲಷ್ಟೇ ಮೇಲೇಳುವ ಕಲ್ಲುಹಾದಿಯನ್ನು ಹಿಡಿದು, ಒಮ್ಮೊಮ್ಮೆ ನೀರಿನಲ್ಲೇ ಕಾಲೆಳೆಯುತ್ತ ನಡೆಯಬೇಕು. ಅರಸರಿಗಾಗಿ ಕಟ್ಟಿದ ಮನೆಗೆ ಪ್ರಜೆಗಳು ಒದ್ದೆಗಾಲಿನಲ್ಲಿ ಪ್ರವೇಶಿಸುವುದು ನನಗಂತೂ ಪ್ರಿಯವಾದ ಸಂಗತಿ.

ಅರಸರ ಮನೆಯೆಂಬುದು ಉತ್ಪ್ರೇಕ್ಷೆಯಲ್ಲ. ಬೋರ್ದೋ ಬಂದರಿನಿಂದ ದ್ರಾಕ್ಷಾರಸವನ್ನು ಹೊತ್ತು ಹೊರಡುವ ಹಡಗುಗಳಿಗೆ ಬೇಕಾಗಿದ್ದುದು ಎತ್ತರದಲ್ಲೊಂದು ಬೆಂಕಿ ಮಾತ್ರ. ಆದರೆ 1584ರಲ್ಲಿ, ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ, ಈ ಕಾರ್ಯವನ್ನು ವಹಿಸಿಕೊಂಡ ಲೂಯಿ ದ ಫುವಾ ಎಂಬ ವಾಸ್ತುಶಿಲ್ಪಿಯು ಆ ಬೆಂಕಿಯ ಕೆಳಗೆ ರಾಜವಸತಿಯೊಂದನ್ನೂ ಅದರ ಮೇಲೊಂದು ಪ್ರಾರ್ಥನಾಮಂದಿರವನ್ನೂ ಕಲ್ಪಿಸಿದನು. ಕೆಲಸವು ಅವನ ಆಯುಷ್ಯವನ್ನೂ ಮೀರಿ 1611ರಲ್ಲಿ ಮುಗಿಯಿತು. ಯಾವ ಅರಸನೂ ಅಲ್ಲಿ ಬಂದು ತಂಗಲಿಲ್ಲ.

ಹದಿನೆಂಟನೆಯ ಶತಮಾನದ ಅಂತ್ಯಭಾಗದಲ್ಲಿ ಜೋಸೆಫ್ ತ್ಯೂಲೇರ್ ಎಂಬಾತನು ಮೇಲ್ಭಾಗವನ್ನು ಕೆಡವಿ ಗೋಪುರವನ್ನು ಸುಮಾರು 20 ಮೀಟರಿನಷ್ಟು ಎತ್ತರಿಸಿದರೂ, ಕೆಳಗಿನ ಅಲಂಕೃತ ಅಂತಸ್ತುಗಳನ್ನು ಮುಟ್ಟದೆ ಉಳಿಸಿದ ವಿವೇಕಕ್ಕೆ ನಾವು ಋಣಿಗಳು. ಆದರೂ ಇಷ್ಟು ವೈಭವದ ನೆತ್ತಿಯಲ್ಲಿದ್ದ ಬೆಳಕು ಬಹುಕಾಲ ದುರ್ಬಲವಾಗಿಯೇ ಇದ್ದಿತು. ಜ್ವಾಲೆಯ ಕಿರಣಗಳು ದಿಕ್ಕುದಿಕ್ಕಿಗೆ ಚದರಿ ವ್ಯರ್ಥವಾಗುತ್ತಿದ್ದವು. ಔಗುಸ್ಟಿನ್ ಫ್ರೆನೆಲ್ ಎಂಬ ಎಂಜಿನಿಯರನು ದಪ್ಪನೆಯ ಒಂದೇ ಮಸೂರಕ್ಕೆ ಬದಲಾಗಿ, ಗಾಜಿನ ತುಂಡುಗಳನ್ನು ವರ್ತುಲವರ್ತುಲವಾಗಿ ಜೋಡಿಸಿ, ಕಿರಣಗಳನ್ನು ಬಾಗಿಸಿ ಸಮಾನಾಂತರದ ಪುಂಜವನ್ನಾಗಿಸಿದನು. ಆ ಮಸೂರವು ದೀಪವನ್ನು ಸುತ್ತುತ್ತ ತಿರುಗಲು, ನಾವಿಕನಿಗೆ ಬೆಳಕು ಮಿಂಚಿ ಮರೆಯಾಗಿ ಮತ್ತೆ ಮಿಂಚುವುದಾಯಿತು. 1823ರಲ್ಲಿ ಆ ಮಸೂರವು ಮೊದಲು ಬೆಳಗಿದ್ದು ಇಲ್ಲಿಯೇ. ಲೋಕದ ಸಾಗರತೀರಗಳಲ್ಲೆಲ್ಲ ಹಬ್ಬಿದ ಆ ಯಂತ್ರದ ಪ್ರಥಮ ಪರೀಕ್ಷೆಯೇ, ನನ್ನ ಎಣಿಕೆಯಲ್ಲಿ, ಈ ಸ್ಥಳದ ನಿಜವಾದ ಕೀರ್ತಿ, ರಾಜವಸತಿಯಲ್ಲ.

301 ಮೆಟ್ಟಿಲುಗಳನ್ನು ಏರಬಲ್ಲವರಿಗೆ ದೀಪದ ಕೋಣೆಯ ಸನಿಹದಿಂದ ಅಳಿವೆಯೂ ಸಾಗರವೂ ಒಮ್ಮೆಗೇ ಗೋಚರಿಸುತ್ತವೆ. 2021ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದೀಪವು ಈಗ ಸ್ವಯಂಚಾಲಿತವಾದರೂ ಕಾವಲುಗಾರರು ಸರದಿಯ ಮೇಲೆ ವರ್ಷವೆಲ್ಲ ಅಲ್ಲಿಯೇ ವಾಸಿಸುತ್ತಾರೆ. ಕಡಲ ನಡುವೆ ಜನವಸತಿಯಿರುವ ದೀಪಸ್ತಂಭವು ಫ್ರಾನ್ಸಿನಲ್ಲಿ ಇದೊಂದೇ ಉಳಿದಿದೆ.