ಧನವೋ ದನವೋ?

ಚೆನ್ನೈನಲ್ಲಿ ಬೀದಿಯ ಫಲಕ ತಮಿಳು, ಆಫೀಸು ಇಂಗ್ಲಿಷ್. ನನ್ನ ಮಗಳು ಕನ್ನಡ ಅಕ್ಷರ ಕಲಿಯುತ್ತಿರುವುದು ಮನೆಯ ಲ್ಯಾಪ್‌ಟಾಪಿನಲ್ಲೇ. ಹಾಗಾಗಿ ಪರದೆಯ ಮೇಲೆ ಅಕ್ಷರ ಸ್ಪಷ್ಟವಾಗಿ ಕಾಣಬೇಕೆನ್ನುವುದು ನಮಗೆ ಶೋಕಿಯಲ್ಲ.

14 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ ಸುಮಾರು 315 ಚುಕ್ಕೆಗಳು. ವಿಂಡೋಸ್‌ನ ಮೂಲ ಲೆಕ್ಕ ಇಂಚಿಗೆ 96. ಹಿಗ್ಗಿಸದೆ ಬಿಟ್ಟರೆ ಅಕ್ಷರ ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ. ಇಂಗ್ಲಿಷನ್ನು ಆಗಲೂ ಹೇಗೋ ಓದಿಬಿಡಬಹುದು. ಕನ್ನಡದಲ್ಲಿ 'ಧ'ದ ಹೊಟ್ಟೆ ಸೀಳಿದ ಗೆರೆ ಮಾಯವಾದರೆ ಧನ ಹೋಗಿ ದನವಾಗುತ್ತದೆ! 'ರಾಷ್ಟ್ರ'ದ ಎರಡು ಒತ್ತುಗಳು ಸಾಲಿನ ಕೆಳಗೆ ಇರುವೆಗಳಂತೆ ಕಾಣುತ್ತವೆ.

ಹಲವರು ರೆಸಲ್ಯೂಶನ್ನನ್ನೇ ಇಳಿಸಿಬಿಡುತ್ತಾರೆ. ಬೇಡ. ಅಕ್ಷರ ದೊಡ್ಡದಾದರೂ ಅಂಚು ಮಸುಕಾಗುತ್ತದೆ, ಪರದೆಗೆ ಕೊಟ್ಟ ದುಡ್ಡೂ ದಂಡ. ರೆಸಲ್ಯೂಶನ್ ಹಾಗೇ ಇರಲಿ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಡಿಸ್‌ಪ್ಲೇ, ಅಲ್ಲಿ 'ಸ್ಕೇಲ್' ಹೆಚ್ಚಿಸಿ. ನಾನು ಶೇಕಡಾ 250 ಇಟ್ಟಿದ್ದೇನೆ. ಕನ್ನಡ ಪುಟ ತೆರೆದಾಗ ಬ್ರೌಸರಿನಲ್ಲಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ ಇನ್ನೊಂದು ಮೆಟ್ಟಿಲು ಏರಿಸುತ್ತೇನೆ. ಒತ್ತಕ್ಷರಕ್ಕೆ ಅಷ್ಟು ಜಾಗ ಬೇಕೇ ಬೇಕು. ಹಳೆಯ ತಂತ್ರಾಂಶವೊಂದು ಆಗಲೂ ಮಸುಕಾಗಿಯೇ ಉಳಿದರೆ ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ 'ಹೈ ಡಿಪಿಐ' ಆಯ್ಕೆಯನ್ನು ಬದಲಿಸಿ ನೋಡಿ.